ಡಾಟ್ ಕಾಮಿನ ಸಾತಬಾರಾ

ನಮ್ಮ ಕಡೆ ಮನೆತನದ ಮರ್ಯಾದೆ ಅಳೆಯುವುದು ಕೋರ್ಟಿನ ತಾರೀಖಿನಿಂದ. ಉಮರಗಾ ಕೋರ್ಟಿನಲ್ಲಿ ಒಂದಾದರೂ ದಾವೆ ಇಲ್ಲದ ಮನೆಗೆ ಹೆಣ್ಣು ಕೊಡುವಾಗ ಮಂದಿ ಅನುಮಾನಪಡುತ್ತಾರೆ: ಇವರಿಗೆ ಹೊಲ ಇಲ್ಲವೋ, ಅಣ್ಣತಮ್ಮಂದಿರೇ ಇಲ್ಲವೋ? ಬದುವಿನ ಕೇಸು, ಬದುವಿನ ಮೇಲಿನ ಬೇವಿನ ಗಿಡದ ಕೇಸು, ಬಾವಿ ನೀರಿನ ಪಾಳಿಯ ಕೇಸು, ಹೀಗೆ ಒಬ್ಬೊಬ್ಬರಿಗೂ ಅವರವರ ಯೋಗ್ಯತೆಗೆ ತಕ್ಕದ್ದು ಇರುತ್ತದೆ. ನನ್ನ ಪಾಲಿಗೆ ಮಾತ್ರ ಏನೂ ಉಳಿದಿರಲಿಲ್ಲ. ಇದ್ದ ಕೇಸುಗಳನ್ನೆಲ್ಲ ಅಜ್ಜ ಸೋತ; ಸೋಲದೆ ಉಳಿದದ್ದನ್ನು ಅಪ್ಪ ರಾಜಿ ಮಾಡಿಕೊಂಡ. ಮಗನ ಕಾಲಕ್ಕೆ ಒಂದಿಷ್ಟು ಜಗಳ ಕೂಡಿಡಬೇಕೆಂಬ ಜವಾಬ್ದಾರಿ ಇಬ್ಬರಿಗೂ ಇರಲಿಲ್ಲ.

ಹಾಗಾಗಿ ನಾನೇ ಸ್ವಂತ ದುಡಿಮೆಯಿಂದ ಒಂದು ವ್ಯಾಜ್ಯ ಸಂಪಾದಿಸಿದೆ. ಉಳಲು ಬಾರದ, ಬಿತ್ತಲು ಬಾರದ, ಸೊಸೈಟಿಯಲ್ಲಿ ಅಡವಿಡಲೂ ಬಾರದ ಆಸ್ತಿಯದು. ಅದಕ್ಕೆ ಡೊಮೇನ್ ಅನ್ನುತ್ತಾರೆ.

ಇದರ ಮೂಲ ನಮ್ಮ ಮನೆಯ ಒರಳಿನಲ್ಲಿದೆ. ಮನೆಯಾಕಿ ಶೇಂಗಾ ಹಿಂಡಿ ಮಾಡುತ್ತಾಳೆ. ಎಲ್ಲರ ಮನೆಯಲ್ಲೂ ಮಾಡುತ್ತಾರೆ ಅನ್ನಬೇಡಿ, ಇದು ಬೇರೆ. ಕಬ್ಬಿಣದ ತವೆಯಲ್ಲಿ ಸಣ್ಣ ಉರಿಗೆ ಶೇಂಗಾ ಹುರಿದು, ಮೊರದಲ್ಲಿ ತಿಕ್ಕಿ ಸಿಪ್ಪೆ ಹಾರಿಸಿ, ಬೆಳ್ಳುಳ್ಳಿ, ಜೀರಿಗೆ, ಖಾರ, ಉಪ್ಪು ಕೂಡಿಸಿ ಕುಟ್ಟುತ್ತಾಳೆ. ಕುಟ್ಟುತ್ತ ಹೋದಂತೆ ಒಂದು ಗಳಿಗೆಯಲ್ಲಿ ಪುಡಿ ಒರಳಿನ ಗೋಡೆಗೆ ಅಂಟಿ ಎಣ್ಣೆ ಬಿಡಲು ಶುರುಮಾಡುತ್ತದೆ. ಅಲ್ಲಿಗೇ ಕೈ ನಿಲ್ಲಬೇಕು. ನಾಲ್ಕು ಪೆಟ್ಟು ಹೆಚ್ಚಾದರೆ ಮುದ್ದೆ, ಕಮ್ಮಿಯಾದರೆ ಬರೀ ಖಾರಪುಡಿ. ಆ ಗಳಿಗೆ ಮಿಕ್ಸರಿಗೆ ತಿಳಿಯುವುದಿಲ್ಲ. ನನಗೂ ತಿಳಿಯುವುದಿಲ್ಲ. ಹೈದರಾಬಾದ್ ರಸ್ತೆಯ ಢಾಬಾದವರು ಒಯ್ಯುತ್ತಾರೆ, ಲಾರಿ ಡ್ರೈವರುಗಳು ಡಬ್ಬಿ ಡಬ್ಬಿ ಕಟ್ಟಿಸಿಕೊಳ್ಳುತ್ತಾರೆ. ‘ಅಕ್ಕನ ಹಿಂಡಿ ಅದ ಏನ್ರಿ?’ ಎಂದು ಕೇಳಿಕೊಂಡು ಬರುತ್ತಾರೆ. ‘ಭಾವನ ಹಿಂಡಿ’ ಎಂದು ಇಂದಿಗೂ ಒಬ್ಬರೂ ಕೇಳಿಲ್ಲ. ವ್ಯವಹಾರದಲ್ಲಿ ಏನೋ ಕೊರತೆ ಇದೆ ಎಂದು ನನಗೆ ಅನಿಸಿದ್ದೇ ಅಲ್ಲಿಂದ.

‘ಬ್ರ್ಯಾಂಡ್ ಬೇಕು’ ಎಂದು ಘೋಷಿಸಿದೆ. ನಿಲಂಗಾದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಮನೆಯಾಕಿಯ ತಮ್ಮ, ‘ಭಾವಾ, ಐದು ನಿಮಿಷದ ಕೆಲಸ’ ಅಂದ. ಅಳಿಯತನದ ಸಲಿಗೆಯಲ್ಲಿ ಅವನ ಕೈಗೇ ಕೊಟ್ಟೆ. ನಮ್ಮೂರು ಸಾಸ್ತೂರಿನ ಹೆಸರು, ಮುಂದೆ ಹಿಂಡಿ, ಅದರ ಮುಂದೆ ಡಾಟ್ ಇನ್. ಅವತ್ತೇ ಹೆಸರು ನಮ್ಮದಾಯಿತು. ‘ನಮ್ಮದು’ ಅಂದರೆ ಯಾರದು ಎಂದು ಕೇಳುವ ಬುದ್ಧಿ ಆ ಸಂತೋಷದಲ್ಲಿ ಯಾರಿಗಿರುತ್ತದೆ ಹೇಳಿ.

ಮೊದಲ ವಾರವೇ ಫೋನು ಬಂತು. ಗುಲಬರ್ಗಾ ಕಡೆಯ ಒಬ್ಬ ತಾಯಿ. ‘ಸರ್, ಎಂಟನೇ ಕ್ಲಾಸಿಗೆ ಫೀ ಎಷ್ಟು?’ ನಾನು ಕಿಲೋದ ರೇಟು ಹೇಳಿದೆ. ‘ಕಿಲೋ ಲೆಕ್ಕದಲ್ಲಿ ಕಲಿಸ್ತೀರಾ?’ ಅಂದರು. ಆಮೇಲೆ ಹೊಳೆಯಿತು: ಇಂಗ್ಲಿಷ್ ಅಕ್ಷರದಲ್ಲಿ ಹಿಂಡಿ ಬರೆದರೂ ಹಿಂದಿ ಬರೆದರೂ ಐದೇ ಅಕ್ಷರ, ಅವೇ ಅಕ್ಷರ. ಜಗತ್ತಿನ ಕಣ್ಣಿಗೆ ನಾನು ಸಾಸ್ತೂರಿನಲ್ಲಿ ಹಿಂದಿ ಟ್ಯೂಶನ್ ತೆರೆದವ. ನನ್ನ ಹಿಂದಿ ಕೇಳಿದವರು ಆಮೇಲೆ ಫೋನು ಮಾಡುತ್ತಿರಲಿಲ್ಲ.

ಮಗ ಒಂದು ದಾರಿ ತೋರಿಸಿದ. ಹೆಸರನ್ನು ಇಂಗ್ಲಿಷಿನಲ್ಲೇ ಇಡಬೇಕೆಂದೇನಿಲ್ಲ. 2014ರಲ್ಲಿ ದೇವನಾಗರಿಯಲ್ಲಿ ‘ಡಾಟ್ ಭಾರತ’ ಬಂತು, ಆಮೇಲೆ ಕನ್ನಡ ಲಿಪಿಯಲ್ಲೂ ಬಂದಿದೆ. ಬಸವಕಲ್ಯಾಣದಲ್ಲಿ ಕನ್ನಡ ಶಾಲೆ ಕಲಿತ ನನ್ನ ಎದೆ ಉಬ್ಬಿತು. ಹಿಂಡಿಗೆ ಡ ಸಿಕ್ಕಿತು! ಸ್ಟಿಕರ್ ಅಚ್ಚಿಗೆ ಕೊಟ್ಟೆ. ಆದರೆ ಇಂಟರ್ನೆಟ್ಟಿನ ಒಳಮನೆಗೆ ಕನ್ನಡ ತಿಳಿಯುವುದಿಲ್ಲವಂತೆ. ಕನ್ನಡದ ಹೆಸರನ್ನು ಅದು ಎಕ್ಸ್, ಎನ್, ಎರಡು ಅಡ್ಡಗೀಟು, ಮುಂದೆ ಒಂದಿಷ್ಟು ಅಡ್ಡಾದಿಡ್ಡಿ ಅಕ್ಷರ ಮಾಡಿ ಇಟ್ಟುಕೊಳ್ಳುತ್ತದೆ. ಮಗ ವಾಟ್ಸಪ್ಪಿನಲ್ಲಿ ಕಳಿಸುವಾಗ ಹೋದದ್ದು ಆ ಒಳಮನೆಯ ಹೆಸರು. ಪ್ರೆಸ್ಸಿನವ ಶ್ರದ್ಧೆಯಿಂದ ಅದನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿದ. ಡಬ್ಬಿ ಕೈಯಲ್ಲಿ ಹಿಡಿದು ಕನ್ನಡಕ ಏರಿಸಿ ನೋಡಿದ ಮೊದಲ ಗಿರಾಕಿ, ‘ಇದು ಕೆಡದಂಗ ಹಾಕೋ ಔಷಧದ ನಂಬರೇನ್ರಿ?’ ಎಂದು ಕೇಳಿ ಡಬ್ಬಿ ಇಟ್ಟು ಹೋದ. ಸರಿಯಾಗಿ ಅಚ್ಚಾಗಿದ್ದರೂ ದೊಡ್ಡ ಫರಕು ಬೀಳುತ್ತಿರಲಿಲ್ಲ ಬಿಡಿ. ನಮ್ಮೂರಲ್ಲಿ ಕನ್ನಡ ಆಡುವ ಬಾಯಿ ಬಹಳ, ಓದುವ ಕಣ್ಣು ಕಮ್ಮಿ. ಶಾಲೆ ಮರಾಠಿಯದು, ಬೈಗುಳ ಕನ್ನಡದ್ದು.

ಇಷ್ಟರಲ್ಲಿ ಉದಗೀರದಿಂದ ಸುದ್ದಿ ಬಂತು. ಅದೇ ಹೆಸರಿನ ಡಾಟ್ ಕಾಮ್ ಅನ್ನು ನನ್ನ ಕಾಕಾನ ಮಗ ಹಿಡಿದಿದ್ದಾನೆ!

ಕಾಕಾನ ಮಗನ ತೊಗರಿ ವ್ಯಾಪಾರ ದೊಡ್ಡದು. ಅವನಿಗೆ ಒರಳೂ ಗೊತ್ತಿಲ್ಲ, ಹಿಂಡಿಯೂ ಬೇಡ. ಆದರೆ ಆ ದಿನಗಳಲ್ಲಿ ದೆಹಲಿಯ ಹುಡುಗನ ಕಥೆ ಎಲ್ಲರ ಬಾಯಲ್ಲಿತ್ತು. ಜಿಯೋ ಮತ್ತು ಹಾಟ್‌ಸ್ಟಾರ್ ಒಂದಾಗುತ್ತವೆಂದು ಮೊದಲೇ ವಾಸನೆ ಹಿಡಿದು, ಎರಡೂ ಹೆಸರು ಕೂಡಿಸಿ ಡೊಮೇನ್ ಕಾಯ್ದಿರಿಸಿ, 2024ರಲ್ಲಿ ಕಂಪನಿಯನ್ನು ಕೇಂಬ್ರಿಜ್ ಓದಿನ ಖರ್ಚು ಕೇಳಿದವನದು. ನಮ್ಮವನು ಕೇಂಬ್ರಿಜ್ ತನಕ ಹೋಗಲಿಲ್ಲ. ‘ಮಗಳ ಲಾತೂರ ಕೋಚಿಂಗ್ ಫೀ ಕೊಡು, ಹೆಸರು ಒಯ್ಯಿ’ ಅಂದ.

‘ಇದು ನಮ್ಮ ಹಿಂಡಿಯ ಹೆಸರು!’

‘ಯಾರಂದ್ರು? ಸಾಸ್ ಅಂದ್ರ ನಮ್ಮ ಅತ್ತಿ, ಬಂಡವಾಳ ಅವರದು. ತೂರ್ ಅಂದ್ರ ತೊಗರಿ. ಹಿಂದಿ ಅಂದ್ರ ಹಿಂದಿ, ಗಿರಾಕಿ ಎಲ್ಲಾ ಇಂದೋರದವರು. ನಿನ್ನ ಹಿಂಡಿ ಇದರಾಗ ಎಲ್ಲಿ ಬಂತು?’

ನನಗೆ ಉತ್ತರ ಹೊಳೆಯಲಿಲ್ಲ. ನನಗೆ ಉತ್ತರ ಯಾವಾಗಲೂ ಮರುದಿನ ಹಲ್ಲುಜ್ಜುವಾಗ ಹೊಳೆಯುವುದು. ಈ ಸಲ ಮಾತ್ರ ಅದು ಸುಪ್ರೀಂ ಕೋರ್ಟಿನಿಂದಲೇ ಬಂತು. ಸತ್ಯಂ ಇನ್ಫೋವೇ ಎಂಬ ಕಂಪನಿ ತನ್ನ ಹೆಸರಿನ ಅಲ್ಲೊಂದು ಇಲ್ಲೊಂದು ಅಕ್ಷರ ಹೆಕ್ಕಿ ‘ಸಿಫಿ’ ಎಂದು ಮಾಡಿಕೊಂಡು 1999ರಲ್ಲಿ ಡೊಮೇನ್ ಹಿಡಿದಿತ್ತು. 2001ರಲ್ಲಿ ಬೆಂಗಳೂರಿನ ಇನ್ನೊಂದು ಕಂಪನಿ ಒಂದು ‘ಎಫ್’ ಹೆಚ್ಚಿಗೆ ಹಾಕಿ ‘ಸಿಫ್ಫಿನೆಟ್’ ಹಿಡಿಯಿತು. ಯಾಕಪ್ಪಾ ಅಂದರೆ, ನಾವು ಐದು ಮಂದಿ ಪಾಲುದಾರರು, ಐವರ ಹೆಸರಿನ ಮೊದಲಕ್ಷರ ಕೂಡಿಸಿದರೆ ಹೀಗೇ ಆಗುತ್ತದೆ ಅಂದಿತು. ಬೆಂಗಳೂರಿನ ಸಿವಿಲ್ ಕೋರ್ಟು ಸಿಫಿಯ ಪರ, ಹೈಕೋರ್ಟು ಸಿಫ್ಫಿಯ ಪರ. ಕಡೆಗೆ 2004ರ ಮೇ 6ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ರೂಮಾ ಪಾಲ್ ಅವರ ಪೀಠ ಮತ್ತೆ ಸಿಫಿಯ ಕಡೆಗೆ ತಿರುಗಿಸಿತು. ಐದು ಅಕ್ಷರದ ಕಥೆ ಕೋರ್ಟಿಗೆ ಹಿಡಿಸಲಿಲ್ಲ. ಡೊಮೇನಿಗೆಂದೇ ನಮ್ಮಲ್ಲಿ ಬೇರೆ ಕಾಯ್ದೆ ಇಲ್ಲದಿದ್ದರೂ, ಒಬ್ಬನ ಸರಕನ್ನು ಇನ್ನೊಬ್ಬನದೆಂದು ದಾಟಿಸಬಾರದು ಎಂಬ ಟ್ರೇಡ್‌ಮಾರ್ಕಿನ ಹಳೇ ನ್ಯಾಯ ಇದಕ್ಕೂ ಅನ್ವಯ ಎಂದಿತು. ಐದು ಮಂದಿ ಪಾಲುದಾರರೇ ಬಿದ್ದರೆಂದ ಮೇಲೆ ಒಬ್ಬ ಅತ್ತೆ ಎಷ್ಟರವಳು?

ಅಂದಿನಿಂದ ನಾನು ಮನೆಯಲ್ಲಿ ವಕೀಲರ ಹಾಗೆ ಓಡಾಡತೊಡಗಿದೆ. ಚಹಾ ಕೇಳುವಾಗಲೂ ‘ಸದರಿ ಚಹಾ’ ಅನ್ನುತ್ತಿದ್ದೆ. ಡಾಟ್ ಕಾಮ್ ಜಗಳಕ್ಕೆ 1999ರಲ್ಲಿ ಐಕ್ಯಾನ್ ಸಂಸ್ಥೆ ನಿಯಮ ಮಾಡಿದೆ, ಜಿನೀವಾದ ವೈಪೋದಂಥ ಕಡೆ ಪಂಚರು ಕೂತು ತೀರ್ಮಾನಿಸುತ್ತಾರೆ. ಡಾಟ್ ಇನ್ ಆದರೆ ದೆಹಲಿಯ ನಿಕ್ಸಿಯವರ ಪಂಚಾಯ್ತಿ. ಪಿರ್ಯಾದುದಾರ ಮೂರು ಮಾತು ಸಾಬೀತು ಮಾಡಬೇಕು: ಆ ಹೆಸರು ನನ್ನ ಮಾರ್ಕಿನ ಹಾಗೇ ಇದೆ, ಹಿಡಿದವನಿಗೆ ಅದರಲ್ಲಿ ನ್ಯಾಯವಾದ ಹಕ್ಕಿಲ್ಲ, ಹಿಡಿದದ್ದೂ ಬಳಸಿದ್ದೂ ಕೆಟ್ಟ ಬುದ್ಧಿಯಿಂದ. ಡಾಟ್ ಇನ್‌ಗೆ ಹಿಡಿದದ್ದು ಅಥವಾ ಬಳಸಿದ್ದು, ಎರಡರಲ್ಲಿ ಒಂದು ಕೆಟ್ಟದಾಗಿದ್ದರೂ ಸಾಕು. ಲಾತೂರ ಕೋಚಿಂಗ್ ಫೀ ಕೇಳಿದ ವಾಯ್ಸ್ ಮೆಸೇಜು ನನ್ನ ಬಳಿ ಇತ್ತು. ಕೆಟ್ಟ ಬುದ್ಧಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ಮಗನಿಗೂ ಹುರುಪು ಬಂತು. ಐಕ್ಯಾನಿನ ನಿಯಮದ ಕೆಳಗೆ ತೀರ್ಪಾದ ಮೊದಲ ಕೇಸೇ ಅಂಡರ್‌ಟೇಕರನ ಕುಸ್ತಿ ಕಂಪನಿಯದು. ಕ್ಯಾಲಿಫೋರ್ನಿಯಾದ ಒಬ್ಬ ವರ್ಲ್ಡ್ ವ್ರೆಸ್ಲಿಂಗ್ ಫೆಡರೇಶನ್ ಹೆಸರು ಹಿಡಿದು, ಮೂರೇ ದಿನಕ್ಕೆ ಅವರಿಗೇ 1,000 ಡಾಲರಿಗೆ ಮಾರಲು ಹೋಗಿದ್ದ. 2000ದ ಜನವರಿಯಲ್ಲಿ ಹೆಸರು ಕಳೆದುಕೊಂಡ. (ಅದೇ ಕುಸ್ತಿಯವರು ಎರಡು ವರ್ಷದ ಮೇಲೆ ಡಬ್ಲ್ಯೂಡಬ್ಲ್ಯೂಎಫ್ ಎಂಬ ಮೂರಕ್ಷರಕ್ಕಾಗಿ ಪಾಂಡಾ ಕರಡಿಯ ಸಂಸ್ಥೆಯ ಮುಂದೆ ಸೋತು ಡಬ್ಲ್ಯೂಡಬ್ಲ್ಯೂಇ ಆದರು. ದೊಡ್ಡ ದೊಡ್ಡ ತೋಳಿನವರಿಗೇ ಹೀಗಾದರೆ ನನ್ನನ್ನು ನೋಡಿ ಯಾರು ನಗಬೇಕು?) ಅರುಣ್ ಜೇಟ್ಲಿಯವರು ತಮ್ಮ ಹೆಸರಿನ ಡಾಟ್ ಕಾಮಿಗಾಗಿ ದೆಹಲಿ ಹೈಕೋರ್ಟಿಗೆ ಹೋಗಿ 2011ರಲ್ಲಿ ಗೆದ್ದದ್ದನ್ನು ಊಟದ ಹೊತ್ತಿನಲ್ಲಿ ವಿವರಿಸಿದೆ.

‘ಅವರು ಜೇಟ್ಲಿ’ ಅಂದಳು ಮನೆಯಾಕಿ. ಇನ್ನೊಂದು ರೊಟ್ಟಿ ಹಾಕಿದಳು.

ಹೆಸರಿದ್ದವರೆಲ್ಲ ಗೆಲ್ಲುತ್ತಾರೆಂದಲ್ಲ. ಅದೇ 2000ದಲ್ಲಿ ನಟಿ ಜೂಲಿಯಾ ರಾಬರ್ಟ್ಸ್ ಗೆದ್ದಳು, ಹಾಡುಗಾರ ಸ್ಟಿಂಗ್ ಸೋತ. ‘ಸ್ಟಿಂಗ್’ ಇಂಗ್ಲಿಷಿನ ಸಾದಾ ಮಾತು, ನಿನ್ನೊಬ್ಬನದಲ್ಲ ಅಂದರು ಪಂಚರು. ಇದನ್ನು ಓದಿ ನನಗೆ ಸ್ವಲ್ಪ ಹೊಟ್ಟೆ ತೊಳಸಿತು. ಹಿಂಡಿಯೂ ಸಾದಾ ಮಾತೇ. ಹಿಂದಿಯಂತೂ ಕೇಳಲೇ ಬೇಡಿ.

ಜಿನೀವಾದ ಫೀ ನೋಡಿದೆ. ಒಬ್ಬ ಪಂಚ ಕೂತರೆ 1,500 ಡಾಲರ್. ರೂಪಾಯಿಗೆ ತಿರುಗಿಸಿದಾಗ ಲಕ್ಷ ದಾಟಿತು. ಗೆದ್ದರೆ ಸಿಗುವುದೇನು? ಹೆಸರು ರದ್ದಾಗುತ್ತದೆ ಇಲ್ಲವೇ ನಮ್ಮ ಕಡೆ ಬರುತ್ತದೆ, ಅಷ್ಟೇ. ನಷ್ಟಪರಿಹಾರ ಇಲ್ಲ, ಎದುರಿನವನಿಗೆ ಛೀಮಾರಿಯೂ ಇಲ್ಲ. ಕಾಕಾನ ಮಗ ಕಟಕಟೆಯಲ್ಲಿ ತಲೆ ತಗ್ಗಿಸಿ ನಿಲ್ಲುವುದಿಲ್ಲ, ಎಲ್ಲಾ ಇಮೇಲಿನಲ್ಲೇ. ಅವನು ತಲೆ ತಗ್ಗಿಸುವುದನ್ನು ನೋಡಲಿಕ್ಕೆ ಇಲ್ಲವೆಂದ ಮೇಲೆ ಲಕ್ಷ ರೂಪಾಯಿ ಯಾಕೆ ಹಾಕಬೇಕು? ಆದ್ದರಿಂದ ನೋಟೀಸೊಂದನ್ನು ನಾನೇ ಬರೆದು ವಾಟ್ಸಪ್ಪಿನಲ್ಲಿ ಜಾರಿ ಮಾಡಿದೆ. ಎರಡು ನೀಲಿ ಗೀಟು ಬಿದ್ದವು. ಉತ್ತರವಾಗಿ ಅವತ್ತಿನ ತೊಗರಿ ದರ ಬಂತು.

ಎಳ್ಳ ಅಮಾಸಿ ಹತ್ತಿರ ಬಂತು. ನಮ್ಮ ಕಡೆ ದೀಪಾವಳಿಗೆ ಬರದವರೂ ಎಳ್ಳ ಅಮಾಸಿಗೆ ಹೊಲಕ್ಕೆ ಬರಲೇಬೇಕು. ಕಣಕಿಯ ಕೊಂಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಕೂರಿಸಿ, ಭಜ್ಜಿ, ಅಂಬಲಿ, ಕಡುಬು ಎಡೆ ಇಟ್ಟು, ಬಂದುಹೋಗುವವರನ್ನೆಲ್ಲ ಕೈ ಹಿಡಿದು ಕೂರಿಸಿ ಉಣ್ಣಿಸುವ ದಿನ. ಕಾಕಾನ ಮಗ ಹೆಂಡತಿ ಮಕ್ಕಳೊಂದಿಗೆ ಬಂದಿಳಿದ. ಸಾಸೂಬಾಯಿಯೂ ಬಂದಿದ್ದರು, ಬಂಡವಾಳ ಸಮೇತ.

ಭಜ್ಜಿಯ ಗಡಿಗೆ ಇಳಿಯುವ ಮೊದಲೇ ನಾನು ವಿಷಯ ಎತ್ತಿದೆ.

‘ಸಾಸ್ತೂರ ಊರಿನ ಹೆಸರು. ನಿಮ್ಮಪ್ಪಂದಲ್ಲ’ ಅಂದ ಅವನು.

‘ಬಾರ್ಸಿಲೋನಾ ಏನಾತು ಗೊತ್ತದ ಏನು?’ ಅಂದೆ. ಸ್ಪೇನಿನ ಬಾರ್ಸಿಲೋನಾ ನಗರಸಭೆ ತನ್ನ ಊರಿನ ಡಾಟ್ ಕಾಮ್ ಹಿಡಿದವನ ಮೇಲೆ ವೈಪೋದಲ್ಲಿ 2000ದಲ್ಲಿ ಗೆದ್ದಿತ್ತು.

ಅವನ ಮಗಳು ಫೋನು ತೆಗೆದು ಮುಂದಿನ ಪುಟ ಓದಿದಳು. 2003ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು ಅದನ್ನು ತಿರುವಿ ಹಾಕಿ, ಊರಿನ ಹೆಸರು ಯಾರೊಬ್ಬರ ಮಾರ್ಕೂ ಅಲ್ಲ ಅಂದಿತ್ತು. ಈ ಹುಡುಗಿಗೆ ಕೋಚಿಂಗ್ ಯಾಕೆ ಬೇಕೋ ನನಗೆ ಇಂದಿಗೂ ಅರ್ಥವಾಗಿಲ್ಲ.

‘ಅದೂ ಇರಲಿ, ನಿಂದು ಯಾವ ಸಾಸ್ತೂರ?’ ಕಾಕಾನ ಮಗ ದನಿ ತಗ್ಗಿಸಿದ. ‘ನೀವಿರೋದು ಹೊಸಾದು. ನಂದು ಹಳೇದು.’ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆಲ ನಡುಗಿ ಊರು ಕುಸಿದ ಮೇಲೆ ಎಲ್ಲರೂ ಹೊಸ ಜಾಗಕ್ಕೆ ಬಂದೆವು. ಕಾಕಾ ಅದಕ್ಕೂ ಮೊದಲೇ ಉದಗೀರಕ್ಕೆ ಹೋಗಿದ್ದ. ಅವರ ತಲೆಯಲ್ಲಿ ಮಣ್ಣಿನ ಮಾಳಿಗೆ, ಕಲ್ಲುಗೋಡೆಯ ಓಣಿ ಹಾಗೇ ನಿಂತಿವೆ. ನಮ್ಮ ಬಳಿ ಉಳಿದದ್ದು ಹೆಸರು ಮಾತ್ರ. ಇದಕ್ಕೆ ಐಕ್ಯಾನಿನಲ್ಲಿ ಕಲಮು ಇಲ್ಲ. ಇಬ್ಬರೂ ಸ್ವಲ್ಪ ಹೊತ್ತು ಅಂಬಲಿ ಕುಡಿದೆವು.

ಮನೆಯಾಕಿ ಸೌಟು ಹಿಡಿದು ಬಂದು ಕೂತಳು. ‘ಆ ಮೂರು ಮಾತು ಯಾವುವಂದ್ರಿ? ಒಂದೊಂದೇ ಹೇಳ್ರಿ.’

‘ಒಂದು, ಹೆಸರು ನಮ್ಮ ಮಾರ್ಕು.’

‘ನಮ್ಮ ಅಂದ್ರ? ಹಿಂಡಿ ಯಾರ್ ಕುಟ್ಟತಾರ?’

‘ನೀನು.’

‘ಹಾಂ. ಎರಡು?’

‘ಹಿಡಿದವನಿಗೆ ನ್ಯಾಯವಾದ ಹಕ್ಕು ಇರಬಾರದು.’

‘ನಿಮಗ ಯಾನ್ ಹಕ್ಕದ? ಒನಕಿ ಯಾವಾಗರ ಹಿಡಿದೀರಿ?’

‘ರುಚಿ ನೋಡ್ತೀನಲ್ಲ...’ ಎಂದು ಶುರುಮಾಡಿದೆ. ಕಾಕಾನ ಮಗ ಜೋರಾಗಿ ನಕ್ಕ. ಪ್ರತಿವಾದಿಗೆ ನಗುವ ಹಕ್ಕಿದೆಯೋ ಇಲ್ಲವೋ ನಿಯಮದಲ್ಲಿ ನೋಡಬೇಕಿತ್ತು.

‘ಮೂರನೇದು ಕೆಟ್ಟ ಬುದ್ಧಿ’ ಎಂದು ನಾನು ವಾಯ್ಸ್ ಮೆಸೇಜಿಗಾಗಿ ಜೇಬು ತಡಕುವಷ್ಟರಲ್ಲಿ, ಹೊಟ್ಟೆಯಲ್ಲಿ ಹುಟ್ಟಿದ ಮಗನೇ ನಾನು ಮಾಡಿಸಿಟ್ಟಿದ್ದ ವೆಬ್‌ಸೈಟಿನ ಮೊದಲ ಪುಟ ತೆರೆದು ಎಲ್ಲರ ಮುಂದೆ ಹಿಡಿದ. ಅಕ್ಕನ ಮಗಳ ಮದುವೆಯಲ್ಲಿ ಗುಲಾಬಿ ಫೇಟಾ ಸುತ್ತಿಕೊಂಡು ತೆಗೆಸಿದ ನನ್ನ ಫೋಟೋ. ಕೆಳಗೆ: ಸಂಸ್ಥಾಪಕ, ಅಧ್ಯಕ್ಷ ಹಾಗೂ ವ್ಯವಸ್ಥಾಪಕ ನಿರ್ದೇಶಕ.

‘ಹಿಂಡಿ ಎಲ್ಲದ?’ ಅಂದಳು.

‘ಎರಡನೇ ಪೇಜಿನಾಗ ಬರತದ.’

‘ನಾ?’

ಮೂರನೇ ಪುಟದ ಯೋಜನೆ ಇನ್ನೂ ಆಗಿರಲಿಲ್ಲ.

ಅಲ್ಲಿಯತನಕ ಸುಮ್ಮನೆ ಎಲೆ ಒರೆಸುತ್ತಿದ್ದ ಅವ್ವ ಬಾಯಿ ಬಿಟ್ಟಳು. ‘ಇಷ್ಟೆಲ್ಲಾ ಮಾತಾಡ್ಲತ್ತೀರಿ, ಸಾತಬಾರಾದಾಗ ಯಾರ ಹೆಸರದ?’

ಮಹಾರಾಷ್ಟ್ರದಲ್ಲಿ ಹುಟ್ಟಿದವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಏಳನೇ ನಮೂನೆಯಲ್ಲಿ ಹೊಲ ಯಾರದು, ಹನ್ನೆರಡರಲ್ಲಿ ಬೆಳೆ ಏನು. ತಲಾಠಿ ಕೊಡುವ ಆ ಉತಾರೆ ಇಲ್ಲದೆ ನಮ್ಮಲ್ಲಿ ದೇವರನ್ನೂ ನಂಬುವುದಿಲ್ಲ. ಡೊಮೇನಿಗೂ ಅಂಥದೊಂದು ದಾಖಲೆ ಇದೆ, ಹೂ ಈಸ್ ಅನ್ನುತ್ತಾರೆ. ಡೊಮೇನನ್ನು ಯಾರೂ ಪೂರ್ತಿ ಕೊಳ್ಳುವುದಿಲ್ಲ, ಒಂದರಿಂದ ಹತ್ತು ವರ್ಷದ ಲಾವಣಿ ಅಷ್ಟೇ. ಆ ಲಾವಣಿ ಯಾರ ಹೆಸರಿಗೆ, ಯಾರ ಇಮೇಲಿಗೆ ಇದೆಯೋ ಕಂಪನಿ ಅವನ ಮಾತೇ ಕೇಳುತ್ತದೆ. ಮಗ ಖಾತೆಯ ಚೀಟಿ ತೆರೆಸಿದ. ಡಾಟ್ ಇನ್‌ನ ಒಡೆಯ ನಾನೂ ಅಲ್ಲ, ಮನೆಯಾಕಿಯೂ ಅಲ್ಲ. ನಿಲಂಗಾದ ತಮ್ಮ. ಸಾಲದ್ದಕ್ಕೆ ಜಿಲ್ಲೆ ಉಸ್ಮಾನಾಬಾದ್ ಎಂದಿತ್ತು; 2023ರಲ್ಲಿ ಅದು ಧಾರಾಶಿವ ಆಗಿದ್ದರಿಂದ ಈಗ ಹೊಸ ಗುರುತಿನ ಚೀಟಿಗೆ ಆ ವಿಳಾಸ ತಾಳೆಯಾಗುವಂತಿರಲಿಲ್ಲ.

ನಾನು ಹೊಸ ಕೇಸಿನ ಹುರುಪಿನಲ್ಲಿ ಎದ್ದು ನಿಂತೆ. ನಿಕ್ಸಿ, ದೆಹಲಿ, ಮಧ್ಯಸ್ಥಿಕೆ ಕಾಯ್ದೆ 1996 ಎಂದು ನಾನು ಎಣಿಸುತ್ತಿರುವಾಗ ಮನೆಯಾಕಿ ಫೋನು ಹಚ್ಚಿದಳು. ‘ತಮ್ಮಾ, ಅದೇನೋ ಹೆಸರು ನಿನ್ನ ಹಂತ್ಯಾಕ ಅದಂತ. ನನ್ನ ಹೆಸರಿಗಿ ಮಾಡಿಬಿಡು. ವಿಳಾಸ ಸರಿ ಮಾಡು. ಕಡಬು ಕಟ್ಟಿಡ್ತೀನಿ, ಸಂಜಿಗಿ ಬಾ.’ ಅವನು ಅದೇನೋ ಪಾಸ್‌ವರ್ಡಿನಂಥ ಕೋಡು ಕಳಿಸಿದ, ಓಟಿಪಿ ಬಂತು, ಮಗ ಒತ್ತಿದ. ಭಜ್ಜಿ ಆರುವಷ್ಟರಲ್ಲಿ ವರ್ಗಾವಣೆ ಮುಗಿಯಿತು. ನನ್ನ ಕಾನೂನು ಜ್ಞಾನದ ಒಂದು ಅಕ್ಷರವೂ ಖರ್ಚಾಗಲಿಲ್ಲ.

ಡಾಟ್ ಕಾಮಿನ ಗತಿ ಬೇರೆಯಾಯಿತು. ಎರಡನೇ ವರ್ಷದ ದುಡ್ಡು ಸೋತವನು ಕಟ್ಟಬೇಕೆಂದು ಕಾಕಾನ ಮಗ, ಹಿಡಿದವನು ಕಟ್ಟಬೇಕೆಂದು ನಾನು. ಅವಧಿ ಮುಗಿದ ಮೇಲೂ 45 ದಿನದ ತನಕ ಸವಡು ಇರುತ್ತದೆ, ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಕಡೆಯ 5 ದಿನ ಯಾರೂ ಮುಟ್ಟುವಂತಿಲ್ಲ. ಅಷ್ಟೂ ದಿನ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು. ಮೈಕ್ರೋಸಾಫ್ಟಿನಂಥ ಮೈಕ್ರೋಸಾಫ್ಟೇ 1999ರ ಡಿಸೆಂಬರಿನಲ್ಲಿ ಪಾಸ್‌ಪೋರ್ಟ್ ಡಾಟ್ ಕಾಮಿನ ದುಡ್ಡು ಕಟ್ಟಲು ಮರೆತು, ಹಾಟ್‌ಮೇಲ್ ನಿಂತು, ಸಂಬಂಧವೇ ಇಲ್ಲದ ಒಬ್ಬ ಪುಣ್ಯಾತ್ಮ ತನ್ನ ಕಾರ್ಡಿನಿಂದ 35 ಡಾಲರ್ ತುಂಬಿ ಬಿಡಿಸಿಕೊಟ್ಟಿದ್ದ. ಸಾಸ್ತೂರಿಗೆ ಅಂಥ ಪುಣ್ಯಾತ್ಮ ಬರಲಿಲ್ಲ. ಬಂದವನು ಹೆಸರು ಬಿದ್ದ ಕೂಡಲೇ ಎತ್ತಿಕೊಂಡು ಹೋದ. ಈಗ ಅಲ್ಲಿ ಇಸ್ಪೀಟಿನ ರಾಣಿ ಕಣ್ಣು ಹೊಡೆಯುತ್ತಾಳೆ. ಕಾಕಾನ ಮಗ ಫೋನು ಮಾಡಿ, ‘ಇಬ್ಬರೂ ಕೂಡಿ ಅವನ ಮ್ಯಾಲ ಕೇಸ್ ಹಾಕೋಣೇನು?’ ಅಂದ. ಇಷ್ಟು ವರ್ಷಗಳಲ್ಲಿ ನಾವು ಅಷ್ಟು ಪ್ರೀತಿಯಿಂದ ಮಾತಾಡಿದ್ದು ಅದೇ ಮೊದಲು.

ಡಾಟ್ ಇನ್ ಮನೆಯಾಕಿಯ ಹೆಸರಿಗಿದೆ. ನನ್ನ ಫೇಟಾ ಹೋಗಿ ಆ ಜಾಗಕ್ಕೆ ಒರಳು ಬಂದಿದೆ. ನನಗೂ ಒಂದು ಹುದ್ದೆ ಸಿಕ್ಕಿತು: ಸಂಪರ್ಕ ವ್ಯಕ್ತಿ. ಅಂದರೆ ದಾಖಲೆಯಲ್ಲಿ ಒಡೆತನ ಅವಳದು, ಮೊಬೈಲ್ ನಂಬರ್ ನನ್ನದು. ಡೊಮೇನ್ ಕೈ ಬದಲಾದದ್ದು ಹೇಗೆ ತಿಳಿಯುತ್ತದೋ, ದೇಶದಲ್ಲಿರುವ ವೆಬ್‌ಸೈಟ್ ಮಾಡುವವರೆಲ್ಲ ನನಗೆ ಫೋನು ಮಾಡುತ್ತಾರೆ. ಮೊನ್ನೆ ನೋಯಿಡಾದಿಂದ ಒಬ್ಬಳು, ಬಹಳ ಮರ್ಯಾದೆಯಿಂದ, ‘ಮಾಲೀಕರ ಹತ್ತಿರ ಮಾತಾಡ್ತಾ ಇದ್ದೀನಾ ಸರ್?’ ಎಂದು ಹಿಂದಿಯಲ್ಲಿ ಕೇಳಿದಳು. ‘ಹಾಂ ಜೀ’ ಎಂದು ಗಂಟಲು ಸರಿಮಾಡಿಕೊಂಡೆ. ಪಡಸಾಲೆಯಲ್ಲಿ ಒನಕೆಯ ಸದ್ದು ನಿಂತಿತು.

‘ಯಾರದ್ರಿ ಫೋನು?’

‘ನಿಂದು’ ಅಂದೆ.

‘ಕೈ ಖಾರ ಆಗ್ಯದ. ಕಿವಿಗಿ ಹಿಡೀರಿ.’

ಹಿಡಿದುಕೊಂಡು ನಿಂತೆ. ಅವರು ರೇಟು ಮಾತಾಡಿ ಮುಗಿಸುವ ತನಕ.